ಹಾರ್ಮೋನಿಯಮ್ಮಿನ ಅಪರಾಧವೇನು?

ಹಾರ್ಮೋನಿಯಂ ಪೆಟ್ಟಿಗೆಯನ್ನು ಕಾಣದ ಕನ್ನಡ ವಿದ್ಯಾರ್ಥಿ ಬಹುಶಃ ಇರಲಾರನು. ಊರ ಭಜನಮಂದಿರದಲ್ಲಿ, ಹರಿಕಥೆಯ ವೇದಿಕೆಯಲ್ಲಿ, ಹಿಂದೂಸ್ತಾನಿ ಗಾಯಕರ ಪಕ್ಕದಲ್ಲಿ ಅದು ಕುಳಿತಿರುತ್ತದೆ. ವೃತ್ತಿನಾಟಕ ಕಂಪನಿಗಳ ಕಾಲದಲ್ಲಿ ರಂಗದ ಮುಂದೆ ಕಾಲಿನಿಂದ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ ಇಲ್ಲದೆ ನಾಂದಿಯೇ ಆಗುತ್ತಿರಲಿಲ್ಲ. ಧಾರವಾಡ, ಬೆಳಗಾವಿಗಳ ಕಡೆ ಇದೇ ವಾದ್ಯವು 'ಪೇಟಿ' ಎಂಬ ಸಲಿಗೆಯ ಹೆಸರಿನಿಂದ ಮನೆಯವರಲ್ಲೊಬ್ಬನಂತೆ ಬಾಳಿದೆ. ಆದರೂ ನಮ್ಮಲ್ಲಿ ಇದರಷ್ಟು ಬೈಗಳನ್ನು ತಿಂದ ವಾದ್ಯ ಮತ್ತೊಂದಿಲ್ಲ. 1940ನೆಯ ಇಸವಿಯ ಮಾರ್ಚ್ 1ರಿಂದ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಗಟ್ಟಿತು. ಸುಮಾರು ಮೂರು ದಶಕಗಳ ಅನಂತರ, 1971ರಲ್ಲಿ, ಆ ನಿಷೇಧ ಸಡಿಲವಾಯಿತು. ಅಷ್ಟು ದೀರ್ಘಕಾಲದ ಗಡೀಪಾರಿಗೆ ಅದು ಮಾಡಿದ ಅಪರಾಧವಾದರೂ ಏನು?

ನಾನು ಸಂಗೀತಗಾರನಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು. ಆರ್ಗನ್ನು ಮತ್ತು ಅದರ ಬಂಧುಬಳಗದ ವಾದ್ಯಗಳ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚೂ ಉಂಟು. ಆದುದರಿಂದ ಈ ಮೊಕದ್ದಮೆಯಲ್ಲಿ ತೀರ್ಪು ಹೇಳುವ ಅರ್ಹತೆ ನನಗಿಲ್ಲ. ಆದರೆ ಸಾಕ್ಷಿ ನುಡಿಯಬಲ್ಲೆನು. ಅಳತೆಗೋಲಿನ ಸಾಕ್ಷ್ಯವನ್ನು ಕೇಳದೆ ತೀರ್ಮಾನಕ್ಕೆ ಬಂದವರು ಎರಡು ಪಕ್ಷಗಳಲ್ಲಿಯೂ ಇದ್ದಾರೆಂಬುದು ನನ್ನ ಅಭಿಪ್ರಾಯ.

ಮನೆತನದ ಹಿರಿಯರಿಂದ ಮೊದಲು ಮಾಡೋಣ. ಬೆರಳಿನಿಂದ ಮನೆಗಳನ್ನೊತ್ತಿ ನುಡಿಸುವ ವಾದ್ಯಗಳಲ್ಲಿ ಅತ್ಯಂತ ಪ್ರಾಚೀನವಾದುದು ಆರ್ಗನ್ನು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಕ್ಟೆಸಿಬಿಯಸ್ ಎಂಬ ಯಂತ್ರಜ್ಞನು ಅದರ ಜನಕನೆಂದು ಹೇಳುತ್ತಾರೆ. ಅವನ ವಾದ್ಯಕ್ಕೆ 'ಜಲ ಆರ್ಗನ್' ಎಂದು ಹೆಸರು. ಹೆಸರನ್ನು ಕೇಳಿ ಅದರಲ್ಲಿ ನೀರು ನುಡಿಯುತ್ತದೆಂದು ಭಾವಿಸುವವರುಂಟು, ಅದು ತಪ್ಪು. ನುಡಿಯುವುದು ಗಾಳಿಯೇ. ಬಾಯಿ ಕೆಳಗಾಗಿ ನೀರಿನ ತೊಟ್ಟಿಯೊಳಗೆ ಇಟ್ಟ ಒಂದು ಪಾತ್ರೆಗೆ ಪಂಪಿನಿಂದ ಗಾಳಿಯನ್ನು ತುಂಬುತ್ತಿದ್ದರು. ಒಳಗಿನ ಗಾಳಿಯು ನೀರನ್ನು ಕೆಳಕ್ಕೆ ತಳ್ಳಿದಂತೆ ಹೊರಗಿನ ನೀರಿನ ಮಟ್ಟ ಮೇಲೇರುತ್ತಿತ್ತು; ಹೀಗೆ ಮೇಲೇರಿದ ನೀರಿನ ಭಾರವು ಗಾಳಿಯನ್ನು ಒಂದೇ ಸಮನಾದ ಒತ್ತಡದಲ್ಲಿ ಕೊಳವೆಗಳ ಕಡೆಗೆ ನೂಕುತ್ತಿತ್ತು. ಪಂಪು ತಳ್ಳುವವನ ಕೈ ಏರಿಳಿದರೂ ನಾದವು ಏರಿಳಿಯದಿರಲು ಇದೇ ಕಾರಣ. ಮನೆಯನ್ನು ಒತ್ತಿದರೆ ಒಂದು ತೂತುಳ್ಳ ಪಟ್ಟಿ ಸರಿದು ಕೊಳವೆಯ ಬಾಯಿ ತೆರೆಯುವುದು. ಬೆರಳನ್ನು ತೆಗೆದರೆ ಕೊಂಬಿನಿಂದ ಮಾಡಿದ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆಯುವುದು. 1931ರಲ್ಲಿ ಬುಡಾಪೆಸ್ಟಿನ ಬಳಿಯ ಅಕ್ವಿಂಕಂ ಎಂಬ ಪ್ರಾಚೀನ ರೋಮನ್ ಪಟ್ಟಣದ ಅವಶೇಷಗಳಲ್ಲಿ ಇಂಥ ಒಂದು ಸಣ್ಣ ಆರ್ಗನ್ನಿನ ಚೂರುಗಳು ದೊರೆತವು. ಸಾಲಿಗೆ 13ರಂತೆ ನಾಲ್ಕು ಸಾಲು, ಒಟ್ಟು 52 ಕೊಳವೆಗಳು. ಅದಕ್ಕೆ ಅಂಟಿದ್ದ ಕಂಚಿನ ಫಲಕವು ಅದು ಕ್ರಿಸ್ತಶಕ 228ರ ಕೊಡುಗೆಯೆಂದು ತಿಳಿಸುತ್ತದೆ.

ಆರ್ಗನ್ನಿನ ಕೊಳವೆಯು ತತ್ತ್ವದಲ್ಲಿ ನಮ್ಮ ಜಾತ್ರೆಯ ಪೀಪಿಯೇ. ಸೀಳಿನಿಂದ ಬಂದ ಗಾಳಿಯ ಹಾಳೆ ತುಟಿಯಂಚಿಗೆ ತಗುಲಿ ಅತ್ತಿತ್ತ ಓಲಾಡಿ, ಕೊಳವೆಯೊಳಗಿನ ಗಾಳಿಯ ಕಂಬವನ್ನು ಅನುನಾದಕ್ಕೆ ಒಳಪಡಿಸುತ್ತದೆ. ಎರಡು ಕೊನೆಗಳೂ ತೆರೆದಿದ್ದರೆ ಕೊಳವೆಯ ಉದ್ದವು ಅರ್ಧ ತರಂಗಕ್ಕೆ ಸಮ. ಒಂದು ಕೊನೆ ಮುಚ್ಚಿದ್ದರೆ ಕಾಲು ತರಂಗಕ್ಕೆ ಸಮ. ಈ ಸೂತ್ರವನ್ನು ಪರೀಕ್ಷೆಯಲ್ಲಿ ಬರೆಯದ ವಿದ್ಯಾರ್ಥಿಯಿಲ್ಲ. ಇದರಿಂದ ಎಂಟು ಅಡಿಯ, ಎಂದರೆ 2.44 ಮೀಟರಿನ, ತೆರೆದ ಕೊಳವೆಯ ಕಂಪನಾಂಕವನ್ನು ಲೆಕ್ಕ ಹಾಕಿ ನೋಡಿರಿ: ಶಬ್ದದ ವೇಗ ಸೆಕೆಂಡಿಗೆ 343 ಮೀಟರು, ಉತ್ತರ ಸುಮಾರು 70. ಆದರೆ 'ಎಂಟು ಅಡಿ' ಎಂದು ಆರ್ಗನ್ ಕಟ್ಟುವವನು ಕರೆಯುವ ಸ್ವರದ ಕಂಪನಾಂಕ 65.4. ಪುಸ್ತಕ ಸುಳ್ಳೋ ಕೊಳವೆ ಸುಳ್ಳೋ? ಎರಡೂ ಅಲ್ಲ. ಗಾಳಿಯ ಕಂಪನವು ಕೊಳವೆಯ ಅಂಚಿನಲ್ಲಿ ಥಟ್ಟನೆ ನಿಲ್ಲದೆ ಸ್ವಲ್ಪ ಹೊರಕ್ಕೂ ಚಾಚುತ್ತದೆ. ಕಿರಿದಾದ ಬಾಯಿಯ ಕಡೆ ಈ ಚಾಚು ಇನ್ನೂ ಹೆಚ್ಚು. ಪಠ್ಯಪುಸ್ತಕದಲ್ಲಿ ಒಂದು ಸಾಲಿನ ಅಡಿಟಿಪ್ಪಣಿಯಾಗಿ ಬರುವ 'ಅಂತ್ಯ ತಿದ್ದುಪಡಿ' ಇದೇ. ಎರಡು ಸಂಖ್ಯೆಗಳ ನಡುವಣ ವ್ಯತ್ಯಾಸವನ್ನು ಕಿವಿಯಿಂದ ಕೇಳಿದವನು ಆ ಟಿಪ್ಪಣಿಯನ್ನು ಮರೆಯಲಾರನು.

ಕೊಳವೆ ಉದ್ದವಾದಷ್ಟೂ ಸ್ವರ ಕೆಳಕ್ಕಿಳಿಯುತ್ತದೆ. 32 ಅಡಿಯ ಕೊಳವೆಯ ಮೂಲಸ್ವರ ಸೆಕೆಂಡಿಗೆ 16 ಕಂಪನ ಮಾತ್ರ. ಅದು ಕಿವಿಗಿಂತ ಹೆಚ್ಚಾಗಿ ಎದೆಗೆ ತಿಳಿಯುತ್ತದೆ. ಆಸ್ಟ್ರೇಲಿಯದ ಸಿಡ್ನಿ ಪುರಭವನದಲ್ಲಿ 1890ರಲ್ಲಿ ಸ್ಥಾಪಿಸಿದ ಆರ್ಗನ್ನಿನಲ್ಲಿ 64 ಅಡಿಯ ಕೊಳವೆಯೇ ಉಂಟು! ಅದರ ಎಂಟು ಕಂಪನಗಳನ್ನು ಯಾರ ಕಿವಿಯೂ ಸ್ವರವೆಂದು ಗ್ರಹಿಸಲಾರದು. ಕೇಳಿಸುವುದು ಅದರ ಉಪಸ್ವರಗಳು ಮಾತ್ರ. ಇಷ್ಟು ಖರ್ಚು ಮಾಡಿ ಕೇಳಿಸದ ಸ್ವರವನ್ನು ಕಟ್ಟಿದವರ ಉತ್ಸಾಹವನ್ನು ನಾನು ಮೆಚ್ಚುತ್ತೇನೆ. ಅಷ್ಟು ದೂರ ಹೋಗಲಾರದವರು ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊಳವೆ ಆರ್ಗನ್ನನ್ನು ನೋಡಬಹುದು.

ಇಲ್ಲಿ ನಮ್ಮ ನಾಡಿಗೇ ಸೇರಿದ ಒಂದು ಆರ್ಗನ್ನಿನ ಮಾತನ್ನು ಹೇಳದೆ ಮುಂದೆ ಹೋಗಲಾರೆನು. ಟೀಪೂ ಸುಲ್ತಾನನ ಹುಲಿಯ ಚಿತ್ರವನ್ನು ಎಲ್ಲರೂ ಚರಿತ್ರೆಯ ಪುಸ್ತಕದಲ್ಲಿ ಕಂಡಿದ್ದಾರೆ: ಕೆಳಗೆ ಬಿದ್ದ ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿ. 1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅದು ಇಂಗ್ಲಿಷರ ಕೈಸೇರಿತು; ಈಗ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೇಲ್ಛಾವಣಿ ಕುಸಿದು ನುಚ್ಚುನೂರಾದ ಅದನ್ನು ಅಲ್ಲಿಯವರು ಮತ್ತೆ ಜೋಡಿಸಿದರು. ಅದನ್ನು ಸೇಡಿನ ಸಂಕೇತವೆಂದೋ ದೊರೆಯ ಆಟಿಕೆಯೆಂದೋ ವರ್ಣಿಸಿ ಮಾತು ಮುಗಿಸುವುದು ವಾಡಿಕೆ. ಆದರೆ ಹುಲಿಯ ಪಕ್ಕೆಯ ಮುಚ್ಚಳವನ್ನು ತೆರೆದರೆ ಒಳಗೆ ದಂತದ 18 ಮನೆಗಳೂ ಅವುಗಳಿಗೆ ಎರಡು ಸಾಲು ಕೊಳವೆಗಳೂ ಕಾಣುತ್ತವೆ. ಅದು ನಿಜವಾದ ಆರ್ಗನ್ನು! ಇದಲ್ಲದೆ ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಕೆಲಸ ಮಾಡುತ್ತವೆ. ಹುಲಿಯ ತಲೆಯೊಳಗಿನ ಕೊಳವೆ ಎರಡು ಸ್ವರಗಳಲ್ಲಿ ಗುರುಗುಟ್ಟುತ್ತದೆ. ಬಿದ್ದವನ ಗಂಟಲಿನ ಕೊಳವೆ ಅರಚುತ್ತದೆ. ಅವನ ಎಡಗೈಯು ಏರಿಳಿಯುತ್ತ ಬಾಯಿಯ ಬಳಿಗೆ ಬಂದು ಹೋಗುವಾಗ ಅರಚಿನ ಶ್ರುತಿಯೂ ಬದಲಾಗುತ್ತದೆ. ಏಕೆ? ತೆರೆದ ಕೊನೆಯನ್ನು ಭಾಗಶಃ ಮುಚ್ಚಿದರೆ ಕೊಳವೆಯು ಇನ್ನಷ್ಟು ಉದ್ದವಾದಂತೆ ವರ್ತಿಸಿ ಸ್ವರ ಇಳಿಯುತ್ತದೆ. ಮೇಲೆ ಹೇಳಿದ ಅಂತ್ಯ ತಿದ್ದುಪಡಿಯನ್ನೇ ಶ್ರೀರಂಗಪಟ್ಟಣದ ಕುಶಲಿಯು ಮನುಷ್ಯನ ನರಳಾಟವಾಗಿ ಮಾಡಿದ್ದಾನೆ. ಯಂತ್ರದ ಭಾಗದಲ್ಲಿ ಫ್ರೆಂಚರ ಕೈವಾಡವಿದ್ದಿರಬಹುದೆಂಬ ಊಹೆಯುಂಟು, ಇದ್ದರೂ ಬೇಸರವಿಲ್ಲ. ಮೈಸೂರು ಸೀಮೆಯಲ್ಲಿ ಎರಡು ಶತಮಾನಗಳಿಗೂ ಹಿಂದೆಯೇ ಇಂಥ ಧ್ವನಿಯಂತ್ರವೊಂದು ಕೆಲಸ ಮಾಡುತ್ತಿತ್ತೆಂಬುದನ್ನು ನಮ್ಮ ಚರಿತ್ರೆಯ ಅಧ್ಯಾಪಕರು ಹೇಳುವುದಿಲ್ಲ, ಭೌತವಿಜ್ಞಾನದ ಅಧ್ಯಾಪಕರಿಗೆ ಅದು ತಮ್ಮ ವಿಷಯವೆಂದು ತೋರುವುದಿಲ್ಲ.

ಈಗ ಮೊಕದ್ದಮೆಯ ಮುಖ್ಯಾಂಶಕ್ಕೆ ಬರೋಣ. ಹಾಡುವವನ ಕಂಠವಾಗಲಿ ವೀಣೆಯ ತಂತಿಯಾಗಲಿ ಯಾವ ಸ್ವರವನ್ನಾದರೂ ಮುಟ್ಟಬಲ್ಲದು. ಮನೆಗಳುಳ್ಳ ವಾದ್ಯಕ್ಕೆ ಈ ಸ್ವಾತಂತ್ರ್ಯವಿಲ್ಲ. ಪ್ರತಿಯೊಂದು ಮನೆಯ ಸ್ವರವನ್ನೂ ವಾದ್ಯ ಕಟ್ಟುವಾಗಲೇ ನಿರ್ಣಯಿಸಿಬಿಡಬೇಕು. ನಿರ್ಣಯಿಸುವುದು ಹೇಗೆ? ಷಡ್ಜಕ್ಕೂ ಪಂಚಮಕ್ಕೂ ಇರುವ ಸಹಜ ಪ್ರಮಾಣ 2ಕ್ಕೆ 3. ಪಂಚಮದಿಂದ ಅದರ ಪಂಚಮಕ್ಕೆ, ಅಲ್ಲಿಂದ ಮತ್ತೆ ಅದರ ಪಂಚಮಕ್ಕೆ, ಹೀಗೆ ಹನ್ನೆರಡು ಸಲ ಏರಿದರೆ ಏಳು ಸ್ಥಾಯಿಗಳ ಮೇಲಿನ ಷಡ್ಜವೇ ದೊರೆಯಬೇಕೆಂದು ಆಸೆಯಾಗುತ್ತದೆ. ಆದರೆ ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ ಬರುವುದು 129.75, ಎರಡನ್ನು ಏಳು ಸಲ ಗುಣಿಸಿದರೆ ಬರುವುದು 128. ಮೂರರ ಯಾವ ಘಾತವೂ ಎರಡರ ಯಾವ ಘಾತಕ್ಕೂ ಸಮವಾಗಲಾರದು. ಒಂದು ಬೆಸ, ಮತ್ತೊಂದು ಸಮ. ಇಷ್ಟು ಸರಳವಾದ ಅಂಕಗಣಿತವು ಎರಡು ಸಾವಿರ ವರ್ಷ ಸಂಗೀತಗಾರರ ನಿದ್ದೆಗೆಡಿಸಿತು.

ಪಾಶ್ಚಾತ್ಯರು ಕೊನೆಗೆ ಆಯ್ದುಕೊಂಡ ಉಪಾಯವು ನಷ್ಟವನ್ನು ಎಲ್ಲರಿಗೂ ಹಂಚುವುದು. ಸ್ಥಾಯಿಯನ್ನು ಹನ್ನೆರಡು ಸಮಪ್ರಮಾಣದ ಮೆಟ್ಟಿಲುಗಳಾಗಿ ಒಡೆದರು. ಒಂದೊಂದು ಮೆಟ್ಟಿಲೂ 1.05946ರಷ್ಟು. ಷಡ್ಜವು 240 ಕಂಪನವೆಂದಿಟ್ಟುಕೊಂಡರೆ ಸಹಜ ಪಂಚಮವು 360. ಸಮಮೆಟ್ಟಿಲಿನ ಪಂಚಮವು 359.6. ಈ ವ್ಯತ್ಯಾಸವನ್ನು ಮನ್ನಿಸಬಹುದು. ಆದರೆ ಸಹಜ ಅಂತರಗಾಂಧಾರವು 300 ಆಗಿರುವಾಗ ಸಮಮೆಟ್ಟಿಲಿನದು 302.4. ಎರಡೂವರೆ ಕಂಪನದ ವ್ಯತ್ಯಾಸವೇನು ಮಹಾ ಎನ್ನಬೇಡಿರಿ. ಷಡ್ಜದ ಐದನೆಯ ಉಪಸ್ವರ 1200. ಈ ಗಾಂಧಾರದ ನಾಲ್ಕನೆಯದು 1209.5. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಒಂಬತ್ತು ಹತ್ತು ಸಲ ನಾದವು ನಡುಗುತ್ತದೆ. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಆ ನಡುಕವು ಹಲ್ಲಿಗೆ ಸಿಕ್ಕ ಕಲ್ಲಿನಂತೆ. ಹಾರ್ಮೋನಿಯಮ್ಮಿನ ಮೇಲಿನ ಮೊದಲನೆಯ ಆರೋಪ ಇದು, ಇದು ನಿಜ.

ಆದರೆ ಆರೋಪಿ ಯಾರು? 1840ರ ದಶಕದಲ್ಲಿ ಪ್ಯಾರಿಸ್ಸಿನ ದೆಬೆನ್ ಎಂಬವನು ಹೆಸರಿಟ್ಟ ಈ ವಾದ್ಯವನ್ನು ಆ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದರು. ಆಕಾರ ಬದಲಾಯಿತು, ಸ್ವರಗಳು ಬದಲಾಗಲಿಲ್ಲ. ಪೆಟ್ಟಿಗೆಯೊಳಗೆ ನುಡಿಯುವುದು ಹಿತ್ತಾಳೆಯ ಪುಟ್ಟ ನಾಲಗೆ, ಎಂದರೆ ರೀಡು. ಅದನ್ನು ತುದಿಯಲ್ಲಿ ಅರದಿಂದ ಉಜ್ಜಿದರೆ ತೂಕ ತಗ್ಗಿ ಸ್ವರ ಏರುತ್ತದೆ. ಬುಡದಲ್ಲಿ ಉಜ್ಜಿದರೆ ಬಿಗುವು ತಗ್ಗಿ ಸ್ವರ ಇಳಿಯುತ್ತದೆ. ಎಂದ ಮೇಲೆ 302.4ನ್ನು 300 ಮಾಡುವುದಕ್ಕೆ ಅಡ್ಡಿಯಾದುದು ವಾದ್ಯವಲ್ಲ, ಅದನ್ನು ಹಾಗೆಯೇ ಒಪ್ಪಿಕೊಂಡ ನಮ್ಮ ಸೋಮಾರಿತನ. ಷಡ್ಜವನ್ನು ಬದಲಾಯಿಸಿದರೆ ಉಳಿದ ಸ್ವರಗಳು ಕೆಡುತ್ತವೆಂಬ ತೊಡಕು ಇದ್ದೇ ಇದೆ. ಆ ತೊಡಕನ್ನು ಬಿಡಿಸಲು ಹೊರಟವರ ಸಾಹಸಗಳೇ ನನ್ನಂಥ ಹುಚ್ಚರಿಗೆ ಹಬ್ಬದೂಟ. ಹದಿನಾರನೆಯ ಶತಮಾನದಲ್ಲಿ ಇಟಲಿಯ ನಿಕೊಲಾ ವಿಚೆಂಟೀನೋ ಸ್ಥಾಯಿಗೆ 36 ಮನೆಗಳುಳ್ಳ ತಂತಿವಾದ್ಯವನ್ನು ಕಟ್ಟಿಸಿದನು. 1870ರ ದಶಕದಲ್ಲಿ ಇಂಗ್ಲೆಂಡಿನ ಬೊಸಾಂಕೆಯು ಸ್ಥಾಯಿಯನ್ನು 53 ಭಾಗ ಮಾಡಿದ ಹಾರ್ಮೋನಿಯಮ್ಮನ್ನೇ ಮಾಡಿಸಿದನು. 53 ಏಕೆಂದರೆ 53 ಪಂಚಮಗಳನ್ನೇರಿದರೆ 31 ಸ್ಥಾಯಿಗಳಿಗೆ ಹೆಚ್ಚುಕಡಮೆ ಸರಿಹೋಗುತ್ತದೆ. ನಮ್ಮಲ್ಲಿಯೂ ದೇವಲ್ ಮತ್ತು ಕ್ಲೆಮೆಂಟ್ಸ್ ಎಂಬವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ 22 ಶ್ರುತಿಗಳ ಹಾರ್ಮೋನಿಯಮ್ಮನ್ನು ಪ್ರಚಾರಕ್ಕೆ ತರಲು ಯತ್ನಿಸಿದರು. ಇವು ಯಾವುವೂ ಪೇಟೆಯಲ್ಲಿ ನಿಲ್ಲಲಿಲ್ಲ. ಮನುಷ್ಯನಿಗೆ ಹತ್ತೇ ಬೆರಳು. ಸುಲಭವಾದ ಅಸತ್ಯವು ಕಷ್ಟವಾದ ಸತ್ಯವನ್ನು ಮಾರುಕಟ್ಟೆಯಲ್ಲಿ ಎಂದೂ ಗೆಲ್ಲುತ್ತದೆ.

ಈ ಅಸತ್ಯ ಎಲ್ಲಿಯವರೆಗೆ ಹಬ್ಬಿತೆಂಬುದಕ್ಕೆ ಹ್ಯಾಮಂಡ್ ಆರ್ಗನ್ನು ಒಳ್ಳೆಯ ನಿದರ್ಶನ. ಅಮೆರಿಕದ ಲಾರೆನ್ಸ್ ಹ್ಯಾಮಂಡನು ಗಡಿಯಾರಗಳನ್ನು ಮಾಡುತ್ತಿದ್ದ ಎಂಜಿನಿಯರು. 1930ರ ದಶಕದ ನಡುವೆ ಅವನು ಮಾರಾಟಕ್ಕೆ ತಂದ ವಾದ್ಯದಲ್ಲಿ ಕೊಳವೆಯೂ ಇಲ್ಲ, ಗಾಳಿಯೂ ಇಲ್ಲ. ಅಂಚಿನಲ್ಲಿ ಉಬ್ಬುತಗ್ಗುಗಳುಳ್ಳ 91 ಉಕ್ಕಿನ ಚಕ್ರಗಳು ಅಯಸ್ಕಾಂತಗಳ ಮುಂದೆ ತಿರುಗಿ ವಿದ್ಯುತ್ ಕಂಪನಗಳನ್ನು ಹುಟ್ಟಿಸುತ್ತವೆ. ಮೋಟಾರು ಸೆಕೆಂಡಿಗೆ 20 ಸುತ್ತು; ನಡುವೆ 88ಕ್ಕೆ 64ರ ಹಲ್ಲುಚಕ್ರ; 16 ಉಬ್ಬುಗಳ ಚಕ್ರ. ಗುಣಿಸಿದರೆ ಸರಿಯಾಗಿ 440. ಉಳಿದ ಸ್ವರಗಳು ಇಷ್ಟು ಚೊಕ್ಕವಾಗಿ ಬರುವುದಿಲ್ಲ, 1.05946 ಎಂಬುದು ಎರಡು ಪೂರ್ಣಾಂಕಗಳ ಭಾಗಲಬ್ಧವೇ ಅಲ್ಲ, ಹಲ್ಲುಗಳನ್ನು ಮಾತ್ರ ಪೂರ್ಣಾಂಕದಲ್ಲಿಯೇ ಎಣಿಸಬೇಕು. 85ಕ್ಕೆ 104ರ ಚಕ್ರಗಳಿಂದ 261.63ರ ಬದಲಿಗೆ 261.54 ಪಡೆದು ಹ್ಯಾಮಂಡನು ತೃಪ್ತನಾದನು, ಕಿವಿಯೂ ಒಪ್ಪುತ್ತದೆ. ವಾದಕನ ಮುಂದೆ ಒಂಬತ್ತು ಎಳೆಗೋಲುಗಳು. ಒಂದೊಂದನ್ನೂ ಬೇಕಾದಷ್ಟು ಹೊರಕ್ಕೆಳೆದು ಮೂಲಸ್ವರಕ್ಕೆ ಉಪಸ್ವರಗಳನ್ನು ಸಾರಿಗೆ ಒಗ್ಗರಣೆಯಂತೆ ಸೇರಿಸಬಹುದು. ಸರಳ ಕಂಪನಗಳನ್ನು ಕೂಡಿಸಿ ಯಾವ ತರಂಗವನ್ನಾದರೂ ಕಟ್ಟಬಹುದೆಂಬ ಫೂರಿಯೇ ಸಿದ್ಧಾಂತವನ್ನು ಕರಿಹಲಗೆಯ ಮೇಲೆ ಒಂದು ಗಂಟೆ ಬರೆದು ವಿವರಿಸುವುದಕ್ಕಿಂತ ಈ ಎಳೆಗೋಲುಗಳನ್ನು ಒಂದು ನಿಮಿಷ ಎಳೆಯುವುದು ಮೇಲು. ಕೊಳವೆಯೇ ಇಲ್ಲದಿದ್ದರೂ ಗೋಲುಗಳಿಗೆ '16 ಅಡಿ', '8 ಅಡಿ' ಎಂದೇ ಹೆಸರು. ಸತ್ತ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಂತೆ. ಸೋಜಿಗವೇನೆಂದರೆ ಐದನೆಯ ಉಪಸ್ವರಕ್ಕೆಂದು ಪ್ರತ್ಯೇಕ ಚಕ್ರವಿಲ್ಲ. ಸಮಮೆಟ್ಟಿಲಿನ ಗಾಂಧಾರದ ಚಕ್ರವನ್ನೇ ಅದಕ್ಕೂ ಎರವಲು ಪಡೆದಿದ್ದಾರೆ. ಹೀಗೆ ಶ್ರುತಿಯ ದೋಷವು ಇಲ್ಲಿ ನಾದದ ಬಣ್ಣದೊಳಕ್ಕೂ ಇಳಿದಿದೆ.

ಎರಡನೆಯ ಆರೋಪವು ಮೊದಲನೆಯದಕ್ಕಿಂತ ಗುರುತರವಾದುದು. ಹಾರ್ಮೋನಿಯಮ್ಮಿನ ಪಕ್ಷದವರು ಇದನ್ನು ಹಗುರವಾಗಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಸಂಗೀತದಲ್ಲಿ ಸ್ವರವೆಂಬುದು ನಿಂತ ಬಿಂದುವಲ್ಲ. ತೋಡಿ ರಾಗದ ಗಾಂಧಾರವನ್ನು ಒಂದೇ ಕಂಪನಾಂಕದಲ್ಲಿ ನಿಲ್ಲಿಸಿದರೆ ಆ ಕಂಪನಾಂಕ ಎಷ್ಟು ಶುದ್ಧವಾಗಿದ್ದರೂ ತೋಡಿ ಹುಟ್ಟುವುದಿಲ್ಲ. ರೀಡನ್ನು ಎಷ್ಟು ಉಜ್ಜಿದರೂ ಗಮಕ ಬಾರದು. ಇಲ್ಲಿ ಹಾರ್ಮೋನಿಯಂ ತಲೆಬಾಗಲೇಬೇಕು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ಕುಶಲಿಗಳು ಮನೆಯಿಂದ ಮನೆಗೆ ಬೆರಳನ್ನು ಜಾರಿಸುವ ಚಾತುರ್ಯದಿಂದ ಈ ಕೊರತೆಯನ್ನು ಮರೆಸಿದರು, ಕೊರತೆಯಂತೂ ಉಳಿಯಿತು.

ಹಾಗಾದರೆ ಮನೆಗಳುಳ್ಳ ವಾದ್ಯಗಳಿಗೆಲ್ಲ ಇದೇ ಗತಿಯೇ? ಅಲ್ಲ. ಯುರೋಪಿನ ಹಳೆಯ ಕ್ಲಾವಿಕಾರ್ಡಿನಲ್ಲಿ ಮನೆಯ ಹಿಂತುದಿಗೆ ಹಿತ್ತಾಳೆಯ ಅಲಗೊಂದಿದೆ. ಅದು ಪಿಯಾನೋದ ಸುತ್ತಿಗೆಯಂತೆ ತಂತಿಗೆ ಬಡಿದು ಹಿಂತಿರುಗುವುದಿಲ್ಲ; ಬೆರಳು ಒತ್ತಿರುವಷ್ಟು ಹೊತ್ತೂ ತಂತಿಗೆ ತಗುಲಿಯೇ ಇರುತ್ತದೆ. ಬೆರಳನ್ನು ಇನ್ನಷ್ಟು ಒತ್ತಿದರೆ ತಂತಿಯ ಬಿಗುವು ಏರಿ ಸ್ವರವೂ ಏರುತ್ತದೆ. ಬಿಗುವಿನ ವರ್ಗಮೂಲದಂತೆ ಕಂಪನಾಂಕವು ಏರುವುದರಿಂದ ಅರ್ಧಸ್ವರ ಏರಲು ಬಿಗುವು ನೂರಕ್ಕೆ ಹನ್ನೆರಡರಷ್ಟು ಹೆಚ್ಚಿದರೆ ಸಾಕು. ವೀಣೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆಯುವುದೂ ಇದೇ ತತ್ತ್ವ. 1928ರಲ್ಲಿ ಪ್ಯಾರಿಸ್ಸಿನಲ್ಲಿ ಮೋರಿಸ್ ಮಾರ್ತನೋ ಪ್ರದರ್ಶಿಸಿದ ವಿದ್ಯುದ್ವಾದ್ಯದಲ್ಲಿ ಬೆರಳಿಗೆ ತೊಡುವ ಉಂಗುರವನ್ನು ದಾರದೊಂದಿಗೆ ಸರಿಸಿ ಯಾವ ಸ್ವರಕ್ಕಾದರೂ ಜಾರಬಹುದಾಗಿತ್ತು. ಮುಂದೆ ಅವನೇ ಸೇರಿಸಿದ ಮನೆಗಳ ಸಾಲು ಬೆರಳಿನ ಅಲುಗಾಟಕ್ಕೆ ಎಡಬಲವಾಗಿ ಸರಿದು ಸ್ವರವನ್ನು ಕಂಪಿಸುತ್ತದೆ. ಗಮಕವನ್ನು ಕೊಂದುದು ಮನೆಗಳಲ್ಲ. ಬೆರಳಿಗೂ ಸ್ವರಕ್ಕೂ ಇದ್ದ ಸಂಬಂಧವನ್ನು ಮನೆಯನ್ನೊತ್ತಿದ ಕ್ಷಣದಲ್ಲಿಯೇ ಕಡಿದುಹಾಕಿದ ರಚನೆ. ಇದು ಎಂಜಿನಿಯರಿಂಗ್ ಪ್ರಶ್ನೆ; ಇದಕ್ಕೆ ಉತ್ತರ ಹುಡುಕಬಹುದು.

ನನ್ನ ದೂರು ಬೇರೆಯೇ ಇದೆ. ವಾದ್ಯಗಳ ಭೌತವಿಜ್ಞಾನವು ಹಗುರವಾದ ವಿಷಯವಲ್ಲ. ಸರ್ ಸಿ. ವಿ. ರಾಮನ್ನರು ಪಿಟೀಲನ್ನೂ ಮೃದಂಗವನ್ನೂ ವರ್ಷಗಟ್ಟಲೆ ಅಭ್ಯಸಿಸಿದರು. ಜರ್ಮನ್ ಭಾಷೆಯ ಭೌತವಿಜ್ಞಾನದ ಮಹಾಕೋಶಕ್ಕೆ 1927ರಲ್ಲಿ ವಾದ್ಯಗಳ ಅಧ್ಯಾಯವನ್ನು ಬರೆದುಕೊಟ್ಟವರು ಅವರೇ. ಅವರು ಕೊನೆಯವರೆಗೆ ಬಾಳಿದ ನಾಡಿನ ಕಾಲೇಜುಗಳಲ್ಲಿ ನಾದದ ಪ್ರಯೋಗವೆಂದರೆ ಇಂದಿಗೂ ಒಂದು ಶ್ರುತಿಕವೆ, ಒಂದು ನೀರಿನ ಕೊಳವೆ, ಒಂದು ಸೋನೋಮೀಟರು. ಅವು ಬೇಡವೆಂದಲ್ಲ. ಆದರೆ ಆ ಪ್ರಯೋಗಗಳನ್ನು ಮಾಡಿ ಪೂರ್ಣಾಂಕ ಪಡೆದ ಹುಡುಗನಿಗೆ ತನ್ನ ಊರಿನ ಭಜನಮಂದಿರದ ಪೆಟ್ಟಿಗೆ ಏಕೆ ನುಡಿಯುತ್ತದೆಂಬುದು ತಿಳಿದಿರುವುದಿಲ್ಲ. ಈ ನಡುವೆ ವಿದ್ಯುತ್ ಕೀಬೋರ್ಡುಗಳು ಬಂದು ಹಳೆಯ ಹಾರ್ಮೋನಿಯಮ್ಮುಗಳು ಅಟ್ಟ ಸೇರುತ್ತಿವೆ, ಗುಜರಿಯವರ ಪಾಲಾಗುತ್ತಿವೆ. ಪ್ರತಿಯೊಂದು ಕಾಲೇಜೂ ಅಂಥ ಒಂದನ್ನು ಸಂಪಾದಿಸಿ ಪ್ರಯೋಗಶಾಲೆಯ ಮೇಜಿನ ಮೇಲೆ ಮುಚ್ಚಳ ತೆಗೆದು ಇಡಬೇಕೆಂದು ನನ್ನ ಸೂಚನೆ. ವಿದ್ಯಾರ್ಥಿಗಳ ಜೇಬಿನಲ್ಲಿರುವ ಮೊಬೈಲ್ ಫೋನು ಕಂಪನಾಂಕವನ್ನು ದಶಾಂಶದವರೆಗೆ ತೋರಿಸಬಲ್ಲದು; ಬೇರೆ ಉಪಕರಣ ಬೇಕಿಲ್ಲ.

ಸಂಗೀತ ಬಲ್ಲ ಮಿತ್ರರು ಇದಕ್ಕೆ ನಕ್ಕರು: ರಂಗದಿಂದ ಇಳಿದ ನಟನನ್ನು ಶವಪರೀಕ್ಷೆಗೆ ಕಳುಹಿಸುತ್ತಿದ್ದೀರಿ ಎಂದರು. ಇರಬಹುದು. ಆದರೂ ಹೋದ ವರ್ಷ ಅಂಥದೊಂದು ಪೆಟ್ಟಿಗೆಯನ್ನು ತಂದು ಬಿಚ್ಚಿದೆವು. ಒಳಗೆ ಇಲಿ ಕಡಿದ ತಿದಿ, ಅರ್ಧ ಶತಮಾನದ ಧೂಳು, ತುಕ್ಕು ಹಿಡಿಯದೆ ಉಳಿದ ಹಿತ್ತಾಳೆಯ ನಾಲಗೆಗಳು. ತಿದಿಗೆ ತೇಪೆ ಹಾಕಿ, ಎರಡನೆಯ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ನಡುಸ್ಥಾಯಿಯ ಗಾಂಧಾರವನ್ನು ಸಹಜಸ್ಥಾನಕ್ಕೆ ಇಳಿಸುವ ಕೆಲಸವನ್ನು ವಹಿಸಿದೆನು. ಇಳಿಸಬೇಕಾಗಿದ್ದುದು ಎರಡೂವರೆ ಕಂಪನ. ಅವಳು ನಾಲಗೆಯ ಬುಡವನ್ನು ಅರದಿಂದ ನಾಲ್ಕು ಸಲ ಉಜ್ಜಿದಳು. ಗಾಂಧಾರ ಬೇಕಾದುದಕ್ಕಿಂತ ಕೆಳಕ್ಕೆ ಜಾರಿತು. ತುದಿಯನ್ನು ಉಜ್ಜಿದಳು; ಮೇಲಕ್ಕೆ ನೆಗೆಯಿತು. ಮೂರು ಮಧ್ಯಾಹ್ನಗಳು ಹೀಗೆ ಕಳೆದವು. ನಾಲ್ಕನೆಯ ದಿನ ಷಡ್ಜವನ್ನೂ ಗಾಂಧಾರವನ್ನೂ ಒಟ್ಟಿಗೆ ಒತ್ತಿದಾಗ ಆ ನಡುಕವು ನಿಧಾನವಾಗುತ್ತ ಆಗುತ್ತ ಎರಡು ಸೆಕೆಂಡಿಗೊಂದಾಯಿತು. ಮಗ್ಗುಲ ಮೇಜಿನಲ್ಲಿ ಮಸೂರಗಳ ಪ್ರಯೋಗ ಮಾಡುತ್ತಿದ್ದವರು ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಇನ್ನು ಉಜ್ಜಬೇಡವೆಂದು ಹೇಳಿ ಅರವನ್ನು ಅವಳ ಕೈಯಿಂದ ತೆಗೆದುಕೊಂಡೆನು. ಈಗ ಪಂಚಮದ ಸರದಿ.